ಜೆಟ್ಟಿಯಿಂದ ಟಾಕೀಸಿನವರೆಗೆ: ಕೇರಳದ ಎರಡು ನಗರಗಳಲ್ಲಿ ಹರೆಯದ ಸಂಜೆಗಳು

ಸಂಜೆ ಐದೂವರೆಯ ಹೊತ್ತಿಗೆ ಕೊಚ್ಚಿಯ ಹೈಕೋರ್ಟ್ ಜೆಟ್ಟಿಯಲ್ಲಿ ಸಾಲು ನಿಂತವರಲ್ಲಿ ಮನೆಗೆ ಹೊರಟವರು ಯಾರು, ಸುತ್ತಾಡಲು ಬಂದವರು ಯಾರು ಎಂದು ಗುರುತಿಸುವುದು ಸುಲಭವಲ್ಲ. ಸಂತೆಚೀಲ ಹಿಡಿದ ಅಜ್ಜಿ, ಕೊರಳಲ್ಲಿ ಕಂಪನಿಯ ಐಡಿ ಕಾರ್ಡ್ ತೂಗಾಡಿಸಿಕೊಂಡ ಹುಡುಗ, ಗಿಟಾರನ್ನು ಬೆನ್ನಿಗೇರಿಸಿಕೊಂಡ ಕಾಲೇಜು ಗುಂಪು, ಎಲ್ಲರೂ ಒಂದೇ ಗೇಟಿನಲ್ಲಿ ಒಳಗೆ ಹೋಗುತ್ತಾರೆ. ದೋಣಿ ಹೆಚ್ಚು ಸದ್ದಿಲ್ಲದೆ ದಡ ಬಿಡುತ್ತದೆ. ಕಿಟಕಿಯಾಚೆ ಒಂದು ಕಡೆ ಮರೀನ್ ಡ್ರೈವ್‌ನ ಎತ್ತರದ ಕಟ್ಟಡಗಳು, ಇನ್ನೊಂದು ಕಡೆ ಬಂದರಿನ ಕ್ರೇನುಗಳು, ನಡುವೆ ಹಿನ್ನೀರಿನ ಮೇಲೆ ಇಳಿಯುತ್ತಿರುವ ಸೂರ್ಯ. ಟಿಕೆಟ್ ದರ ಶುರುವಾಗುವುದು 20 ರೂಪಾಯಿಯಿಂದ.

ಇದು ಕೊಚ್ಚಿ ವಾಟರ್ ಮೆಟ್ರೊ. 2023ರ ಏಪ್ರಿಲ್ 25ರಂದು ಉದ್ಘಾಟನೆಯಾಗಿ, ಹೈಕೋರ್ಟ್–ವೈಪಿನ್ ಮತ್ತು ವೈಟ್ಟಿಲ–ಕಾಕ್ಕನಾಡ್ ಮಾರ್ಗಗಳಲ್ಲಿ ಮೊದಲು ಓಡಾಟ ಆರಂಭಿಸಿತು. ಮರುವರ್ಷ ಫೋರ್ಟ್ ಕೊಚ್ಚಿಗೂ ಬಂತು. ಬ್ಯಾಟರಿಯಲ್ಲಿ ಓಡುವ, ನೂರು ಜನ ಹಿಡಿಸುವ ಈ ದೋಣಿಗಳನ್ನು ಕಟ್ಟಿದ್ದು ಅದೇ ಊರಿನ ಕೊಚ್ಚಿನ್ ಶಿಪ್‌ಯಾರ್ಡ್. ಜೆಟ್ಟಿಯ ಹಲಗೆ ನೀರಿನ ಮೇಲೆ ತೇಲುವಂಥದ್ದು. ಭರತವಿರಲಿ ಇಳಿತವಿರಲಿ, ಹಲಗೆಯೂ ದೋಣಿಯ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಗಾಲಿಕುರ್ಚಿಯಲ್ಲಿ ಬಂದವರೂ ಸಲೀಸಾಗಿ ಹತ್ತಬಹುದು. ದ್ವೀಪಗಳ ಜನರಿಗೆಂದು ಮಾಡಿದ ಈ ಸಾರಿಗೆ ನಗರದ ಯುವಜನರಿಗೆ ಸಂಜೆಯ ವಿಹಾರವೂ ಆಗಿಬಿಟ್ಟಿತು.

ಕೊಚ್ಚಿ ಮತ್ತು ತಿರುವನಂತಪುರದಲ್ಲಿ ಇಪ್ಪತ್ತರ ಆಸುಪಾಸಿನವರು ಖುಷಿಯಾಗಿ ಕಳೆಯುವ ಹೊತ್ತನ್ನು ಗಮನಿಸಿದರೆ ಇಂಥ ಉದಾಹರಣೆಗಳು ಸಾಲಾಗಿ ಸಿಗುತ್ತವೆ. ಮಾಲ್‌ಗಳು ಇಲ್ಲಿಯೂ ಇವೆ. ಎಡಪ್ಪಳ್ಳಿಯ ಲುಲು ಮಾಲ್ 2013ರಿಂದ ತುಂಬಿ ತುಳುಕುತ್ತಿದೆ. ಆದರೆ ಈ ಊರುಗಳ ನೆನಪು ಉಳಿಯುವುದು ಬೇರೆ ಕಾರಣಕ್ಕೆ. ಜೆಟ್ಟಿ, ಕಡಲತೀರ, ಹಳೆಯ ಗೋದಾಮು, ಚಿತ್ರಮಂದಿರ, ಮರದ ನೆರಳಿನ ರಸ್ತೆ, ಹೀಗೆ ಎಲ್ಲರಿಗೂ ಸೇರಿದ ಜಾಗಗಳಲ್ಲೇ ಹರೆಯದವರು ತಮ್ಮ ಸಂತೋಷ ಕಟ್ಟಿಕೊಂಡಿದ್ದಾರೆ. ಕೈಯಲ್ಲಿ ಹೆಚ್ಚು ಹಣವಿಲ್ಲದ ವಿದ್ಯಾರ್ಥಿಗೂ ಅಲ್ಲಿ ಜಾಗವಿದೆ.

ಕನ್ನಡಿಗರಿಗೂ ಈ ನಗರಗಳು ದೂರದವಲ್ಲ. ಬೆಂಗಳೂರಿನಿಂದ ಹೊರಡುವ ಐಲ್ಯಾಂಡ್ ಎಕ್ಸ್‌ಪ್ರೆಸ್‌ಗೆ ಆ ಹೆಸರು ಬಂದದ್ದೇ ಅದು ಹಿಂದೆ ಕೊಚ್ಚಿಯ ವಿಲಿಂಗ್ಡನ್ ದ್ವೀಪದವರೆಗೆ ಓಡುತ್ತಿದ್ದ ಕಾರಣಕ್ಕೆ. ಕಾಸರಗೋಡಿನ ಕನ್ನಡದ ಮಕ್ಕಳಿಗಂತೂ 1956ರಿಂದ ತಿರುವನಂತಪುರವೇ ರಾಜಧಾನಿ. ಓದು, ಪರೀಕ್ಷೆ, ಉದ್ಯೋಗ ಎಂದು ಅವರು ರಾಜ್ಯದ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ರೈಲು ಹತ್ತುತ್ತಲೇ ಇದ್ದಾರೆ.

ಗೋದಾಮಿನೊಳಗಿನ ಕಲೆ

ಫೋರ್ಟ್ ಕೊಚ್ಚಿಯಲ್ಲಿ ಇಳಿದವರನ್ನು ಮೊದಲು ಸೆಳೆಯುವುದು ಚೀನವಲೆ. ಮರದ ದೊಡ್ಡ ತೊಲೆಗಳಿಗೆ ಕಟ್ಟಿದ ಬಲೆ ನೀರಿಗಿಳಿಯುತ್ತದೆ, ಹಗ್ಗಗಳಲ್ಲಿ ತೂಗುವ ಕಲ್ಲುಗಳ ಭಾರದ ಆಸರೆಯಲ್ಲಿ ನಾಲ್ಕೈದು ಜನ ಸೇರಿ ಅದನ್ನು ಮೇಲೆತ್ತುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆಗೆ 1503ರಲ್ಲಿ ಪೋರ್ಚುಗೀಸರು ಕಟ್ಟಿದ ಸಂತ ಫ್ರಾನ್ಸಿಸ್ ಇಗರ್ಜಿ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೊ ಡ ಗಾಮನನ್ನು ಹೂಳಿದ್ದು ಇಲ್ಲಿಯೇ. ಅವಶೇಷಗಳನ್ನು ಆಮೇಲೆ ಪೋರ್ಚುಗಲ್ಲಿಗೆ ಒಯ್ದರು. ಬಾಡಿಗೆ ಸೈಕಲ್ಲಿನಲ್ಲಿ ಮಟ್ಟಾಂಚೇರಿಯ ಕಡೆ ಹೊರಟರೆ 1568ರ ಪರದೇಶಿ ಸಿನಗಾಗ್, ಒಣಶುಂಠಿ ಮತ್ತು ಕಾಳುಮೆಣಸಿನ ಮಂಡಿಗಳು, ಚೆರ್ಲಾಯಿಯ ಕೊಂಕಣಿ ಮನೆಗಳು ಒಂದಾದ ಮೇಲೊಂದು ಎದುರಾಗುತ್ತವೆ. ಮಂಗಳೂರು, ಕುಮಟಾ ಕಡೆಯಿಂದ ಬಂದ ಹುಡುಗ ಹುಡುಗಿಯರು ಈ ಬೀದಿಯಲ್ಲಿ ಮನೆಮಾತು ಕೇಳಿ ಥಟ್ಟನೆ ನಿಲ್ಲುವುದುಂಟು.

ಇದೇ ಮಂಡಿಗಳ ನಡುವೆ ಕೊಚ್ಚಿ-ಮುಜಿರಿಸ್ ಬಿನಾಲೆ ನಡೆಯುತ್ತದೆ. ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಹುಟ್ಟುಹಾಕಿದ ಈ ಕಲಾಮೇಳ ಆರಂಭವಾದದ್ದು 2012ರ ಡಿಸೆಂಬರ್ 12ರಂದು. ಸಂಬಾರ ಪದಾರ್ಥಗಳ ವ್ಯಾಪಾರಕ್ಕೆಂದು ಕಟ್ಟಿದ್ದ ಆಸ್ಪಿನ್‌ವಾಲ್ ಹೌಸ್ ಹಲವು ಆವೃತ್ತಿಗಳಿಗೆ ಮುಖ್ಯ ತಾಣವಾಯಿತು. 2016ರ ಆವೃತ್ತಿಯನ್ನು ರೂಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಲಾವಿದ ಸುದರ್ಶನ ಶೆಟ್ಟಿ. ಬಿಳಿ ಗೋಡೆಯ ಗ್ಯಾಲರಿಗೆ ಕಾಲಿಡಲು ಅಳುಕುವವರೂ ಮೆಣಸಿನ ವಾಸನೆಯ ಗೋದಾಮಿಗೆ ಧೈರ್ಯವಾಗಿ ಹೋಗುತ್ತಾರೆ. ಆಟೊ ಚಾಲಕರು, ಮೀನು ಮಾರುವವರು ಸಹ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ.

ಯುವಜನರಿಗೆ ಬಿನಾಲೆ ಬರೀ ನೋಡುವ ಜಾಗವಾಗಿ ಉಳಿದಿಲ್ಲ. ದೇಶದ ಕಲಾಶಾಲೆಗಳ ವಿದ್ಯಾರ್ಥಿಗಳ ಕೃತಿಗಳಿಗಾಗಿಯೇ ‘ಸ್ಟೂಡೆಂಟ್ಸ್ ಬಿನಾಲೆ’ ಜೊತೆಜೊತೆಗೆ ನಡೆಯುತ್ತದೆ. ಸ್ವಯಂಸೇವಕರಾಗಿ ಸೇರಿದವರು ಬಂದವರಿಗೆ ದಾರಿ ತೋರಿಸುತ್ತಾ, ಕೃತಿಯ ಬಗ್ಗೆ ವಿವರಿಸುತ್ತಾ ತಿಂಗಳುಗಟ್ಟಲೆ ಆ ಲೋಕದಲ್ಲಿ ಬದುಕುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯಬೇಕಾದ ಮೇಳ ಕೋವಿಡ್‌ನಿಂದಾಗಿ 2020ರಿಂದ 2022ಕ್ಕೆ ಹೋಯಿತು. ಹಾಗಾಗಿ ಹೊರಡುವ ಮುನ್ನ ಆ ವರ್ಷ ಮೇಳ ಇದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಡಿಸೆಂಬರ್ ಕೊನೆಯಲ್ಲಿ ಇದೇ ಬೀದಿಗಳಿಗೆ ಕೊಚ್ಚಿನ್ ಕಾರ್ನಿವಲ್ ಬರುತ್ತದೆ. ವರ್ಷದ ಕಟ್ಟಕಡೆಯ ರಾತ್ರಿ ಹನ್ನೆರಡು ಹೊಡೆಯುತ್ತಿದ್ದಂತೆ ‘ಪಪ್ಪಾಂಞಿ’ ಎಂಬ ಗಡ್ಡದ ಮುದುಕನ ದೈತ್ಯ ಪ್ರತಿಕೃತಿಗೆ ಬೆಂಕಿ ಇಡುತ್ತಾರೆ. ಕಳೆದ ವರ್ಷ ಆ ಉರಿಯಲ್ಲಿ ಹೋಯಿತು ಎಂಬುದು ನಂಬಿಕೆ. ಮರುದಿನ ವೇಷಧಾರಿಗಳ ಮೆರವಣಿಗೆ. ಜನ ವಿಪರೀತ ಸೇರುವುದರಿಂದ ಪೊಲೀಸರು ವಾಹನಗಳನ್ನು ಮೊದಲೇ ತಡೆಯುತ್ತಾರೆ. ಮಧ್ಯಾಹ್ನವೇ ತಲುಪಿ, ವಾಪಸಾಗುವ ದಾರಿಯನ್ನು ಮೊದಲೇ ಗೊತ್ತುಮಾಡಿಕೊಂಡವರು ನಿಶ್ಚಿಂತೆಯಿಂದ ಹಬ್ಬ ನೋಡುತ್ತಾರೆ.

ಹಳದಿ ಅಂಗಿ, ನೀಲಿ ನೀರು

ಕಲೂರಿನ ಜವಾಹರಲಾಲ್ ನೆಹರು ಕ್ರೀಡಾಂಗಣದ ಕಥೆಯೇ ಬೇರೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಕೇರಳ ಬ್ಲಾಸ್ಟರ್ಸ್ ತಂಡಕ್ಕೆ ಇದು ತವರಾಯಿತು. ‘ಮಂಞಪ್ಪಡ’, ಅಂದರೆ ಹಳದಿ ಪಡೆ, ಎಂಬ ಅಭಿಮಾನಿ ಬಳಗ ಗ್ಯಾಲರಿಯನ್ನೇ ಹಳದಿ ಸಮುದ್ರವಾಗಿಸಿತು. ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಈ ಪೈಪೋಟಿಯ ಕಾವು ಚೆನ್ನಾಗಿ ಗೊತ್ತು. 2023ರ ಮಾರ್ಚ್‌ನಲ್ಲಿ ಕಂಠೀರವದಲ್ಲಿ ಸುನಿಲ್ ಛೆಟ್ರಿ ಹೊಡೆದ ಫ್ರೀಕಿಕ್ ಗೋಲನ್ನು ಒಪ್ಪದೆ ಬ್ಲಾಸ್ಟರ್ಸ್ ತಂಡ ಪಂದ್ಯದ ನಡುವೆಯೇ ಮೈದಾನ ಬಿಟ್ಟು ಹೊರನಡೆದದ್ದು ದೊಡ್ಡ ಸುದ್ದಿಯಾಗಿತ್ತು.

ಗದ್ದಲ ಬೇಡ ಎನ್ನುವವರಿಗೆ ಕುಂಬಳಂಗಿ ಇದೆ. ‘ಕುಂಬಳಂಗಿ ನೈಟ್ಸ್’ (2019) ಸಿನಿಮಾ ಈ ಹಿನ್ನೀರ ಹಳ್ಳಿಯನ್ನು ನಾಡಿನಾಚೆಗೂ ಪರಿಚಯಿಸಿತು. ಅದರಲ್ಲಿ ಕಾಣುವ, ರಾತ್ರಿ ನೀಲಿಯಾಗಿ ಹೊಳೆಯುವ ನೀರು ಕ್ಯಾಮೆರಾದ ಕೈಚಳಕ ಎಂದುಕೊಂಡವರು ಬಹಳ. ಊರಿನವರು ಅದನ್ನು ‘ಕವರು’ ಎನ್ನುತ್ತಾರೆ. ಬೇಸಗೆಯಲ್ಲಿ ಹಿನ್ನೀರಿನ ಉಪ್ಪಿನಂಶ ಏರಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಹೆಚ್ಚುತ್ತವೆ. ನೀರು ಕದಡಿದ ಕೂಡಲೇ ಅವು ಬೆಳಕು ಸೂಸುತ್ತವೆ. 2020ರ ನವೆಂಬರ್‌ನಲ್ಲಿ ನಮ್ಮ ಕರಾವಳಿಯ ಅಲೆಗಳು ಹೊಳೆದದ್ದನ್ನು ನೋಡಿದವರಿಗೆ ಆ ಬೆರಗು ನೆನಪಿರುತ್ತದೆ. ಬೆಳದಿಂಗಳಿಲ್ಲದ ರಾತ್ರಿಯಲ್ಲಿ ಕವರು ಚೆನ್ನಾಗಿ ಕಾಣುತ್ತದೆ. ಅಲ್ಲಿ ಜನ ವಾಸಿಸುವ ಮನೆಗಳಿವೆ, ಮೀನು ಸಾಕುವ ಕೆರೆಗಳಿವೆ ಎಂಬುದನ್ನು ನೆನಪಿಟ್ಟುಕೊಂಡು ಸದ್ದು, ಕಸ ಎರಡನ್ನೂ ದೂರವಿಟ್ಟರೆ ಸಾಕು.

ರಾಜಧಾನಿಯ ಡಿಸೆಂಬರ್

ಕೊಚ್ಚಿಯಿಂದ ತಿರುವನಂತಪುರಕ್ಕೆ ಇನ್ನೂರು ಕಿಲೋಮೀಟರ್ ದಾಟುತ್ತದೆ. ಅಲ್ಲಿನ ನಡಿಗೆ ನಿಧಾನ, ರಾತ್ರಿ ಬೇಗ. ಆದರೆ ಡಿಸೆಂಬರ್‌ನ ಸುಮಾರು ಒಂದು ವಾರ ಆ ಊರು ನಿದ್ದೆಗೆಡುತ್ತದೆ. ಅದು ಕೇರಳ ಅಂತಾರಾಷ್ಟ್ರೀಯ ಚಿತ್ರೋತ್ಸವದ ಕಾಲ. 1996ರಲ್ಲಿ ಮೊದಲ ಬಾರಿ ಕೋಳಿಕ್ಕೋಡಿನಲ್ಲಿ ನಡೆದ ಈ ಉತ್ಸವವನ್ನು ಮುಂದೆ ಕೇರಳ ಚಲಚ್ಚಿತ್ರ ಅಕಾಡೆಮಿ ವಹಿಸಿಕೊಂಡಿತು. ತಿರುವನಂತಪುರ ಅದರ ಮನೆಯಾಯಿತು. ಟಾಗೋರ್ ಥಿಯೇಟರ್, ಕೈರಳಿ, ಶ್ರೀ, ನಿಳಾ ಚಿತ್ರಮಂದಿರಗಳು, ಕನಕಕ್ಕುನ್ನಿನ ನಿಶಾಗಂಧಿ ಬಯಲು ರಂಗಮಂದಿರ, ಎಲ್ಲೆಡೆ ಬೆಳಗಿನಿಂದ ರಾತ್ರಿಯವರೆಗೆ ಸಿನಿಮಾ. ಹತ್ತು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಹೆಸರು ನೋಂದಾಯಿಸುತ್ತಾರೆ. ವಿದ್ಯಾರ್ಥಿಗಳಿಗೆ ಶುಲ್ಕ ಕಡಿಮೆ.

ಈ ಉತ್ಸವದ ನಿಜವಾದ ಸೊಗಸು ಸರತಿ ಸಾಲಿನಲ್ಲಿದೆ. ಇರಾನಿನ ಚಿತ್ರಕ್ಕೋ ಕೊರಿಯಾದ ಚಿತ್ರಕ್ಕೋ ಒಂದು ಗಂಟೆ ಮುಂಚೆ ನಿಂತಾಗ ಪಕ್ಕದಲ್ಲಿ ನಿಂತವರೇ ಗೆಳೆಯರಾಗುತ್ತಾರೆ. ಇಡುಕ್ಕಿಯ ನರ್ಸಿಂಗ್ ವಿದ್ಯಾರ್ಥಿನಿಗೂ ನಿವೃತ್ತ ಮೇಷ್ಟ್ರಿಗೂ ಹಿಂದಿನ ದಿನದ ಚಿತ್ರದ ಬಗ್ಗೆ ಅಲ್ಲಿಯೇ ಜಗಳ ಹತ್ತುತ್ತದೆ. ಕೊರಿಯಾದ ನಿರ್ದೇಶಕ ಕಿಮ್ ಕಿ-ಡುಕ್ 2013ರಲ್ಲಿ ಇಲ್ಲಿಗೆ ಬಂದಾಗ ಸಿಕ್ಕ ಸ್ವಾಗತ ನಟರಿಗೆ ಸಿಗುವಂಥದ್ದಾಗಿತ್ತು. ನಿಶಾಗಂಧಿಯಲ್ಲಿ ಭಯಾನಕ ಚಿತ್ರಗಳ ಮಧ್ಯರಾತ್ರಿ ಪ್ರದರ್ಶನಕ್ಕೆ ಕಂಬಳಿ ಹೊದ್ದು ಕೂರುವವರಿದ್ದಾರೆ. ಉತ್ಸವದ ದೊಡ್ಡ ಪ್ರಶಸ್ತಿ ‘ಸುವರ್ಣ ಚಕೋರ’ವನ್ನು ತೀರ್ಪುಗಾರರು ಕೊಟ್ಟರೆ, ಪ್ರೇಕ್ಷಕರ ಮೆಚ್ಚಿನ ಚಿತ್ರವನ್ನು ಆರಿಸುವುದು ಪ್ರತಿನಿಧಿಗಳ ಮತ.

ಇದು ಒಂದೇ ದಿನದಲ್ಲಿ ಬೆಳೆದ ಅಭಿರುಚಿಯಲ್ಲ. ಅಡೂರು ಗೋಪಾಲಕೃಷ್ಣನ್ ಮತ್ತು ಗೆಳೆಯರು ಚಿತ್ರಲೇಖಾ ಫಿಲ್ಮ್ ಸೊಸೈಟಿ ಕಟ್ಟಿದ್ದು 1965ರಲ್ಲಿ, ಇದೇ ನಗರದಲ್ಲಿ. ಅಲ್ಲಿಂದಾಚೆ ಊರೂರಿಗೆ ಹಬ್ಬಿದ ಫಿಲ್ಮ್ ಸೊಸೈಟಿಗಳು, ಹಳ್ಳಿಹಳ್ಳಿಯ ವಾಚನಾಲಯಗಳು ಈ ಸಾಲನ್ನು ಬೆಳೆಸಿದವು. ಐಟಿ ನೌಕರರ ‘ಪ್ರತಿಧ್ವನಿ’ ಸಂಘಟನೆ ತನ್ನ ಸಹೋದ್ಯೋಗಿಗಳೇ ತೆಗೆದ ಕಿರುಚಿತ್ರಗಳಿಗೆ ಉತ್ಸವ ನಡೆಸುತ್ತದೆ. 1990ರಲ್ಲಿ ಸ್ಥಾಪನೆಯಾದ, ದೇಶದ ಮೊದಲ ಟೆಕ್ನಾಲಜಿ ಪಾರ್ಕ್ ಎನಿಸಿದ ಟೆಕ್ನೊಪಾರ್ಕ್‌ನಲ್ಲಿ ಹಗಲೆಲ್ಲ ಕೋಡ್ ಬರೆದವರು ರಜೆಯಲ್ಲಿ ಕ್ಯಾಮೆರಾ ಹಿಡಿಯುತ್ತಾರೆ.

ರಸ್ತೆಯೇ ಜಗಲಿ

ವೆಳ್ಳಯಂಬಲದ ಬಳಿ ಮಾನವೀಯಂ ವೀಥಿ ಎಂಬ ಚಿಕ್ಕ ರಸ್ತೆಯಿದೆ. ಎರಡೂ ಬದಿಗೆ ಮರ, ಗೋಡೆಗಳ ಮೇಲೆ ಚಿತ್ರ. ‘ತೆರುವೋರಕ್ಕೂಟ್ಟಂ’ ಎಂಬ ಬಳಗ ಇಲ್ಲಿ ವರ್ಷಗಳ ಕಾಲ ಹಾಡು, ನಾಟಕ, ಮಾತುಕತೆ ನಡೆಸುತ್ತಾ ಬಂತು. ನವೀಕರಣದ ಬಳಿಕ 2023ರಲ್ಲಿ ಈ ಬೀದಿ ರಾತ್ರಿ ಜೀವನಕ್ಕೂ ತೆರೆದುಕೊಂಡಿತು. ಹುಡುಗಿಯರು ರಾತ್ರಿ ಹತ್ತಕ್ಕೂ ರಸ್ತೆಬದಿ ಕೂತು ಹರಟುವುದು ಈ ಸಂಪ್ರದಾಯಸ್ಥ ಊರಿಗೆ ಸಣ್ಣ ಬದಲಾವಣೆಯಲ್ಲ. ಕೆಲವೇ ವಾರಗಳಲ್ಲಿ ಗಲಾಟೆಗಳೂ ಆದವು, ಮೈಕಿಗೆ, ಸಮಯಕ್ಕೆ ಪೊಲೀಸರು ಮಿತಿ ಹಾಕಿದರು. ಆದರೂ ಬೀದಿ ಬರಿದಾಗಲಿಲ್ಲ.

ತಂಬಾನೂರಿನ ರೈಲು ನಿಲ್ದಾಣದ ಎದುರಿಗೆ ಇಟ್ಟಿಗೆಯ ಸುರುಳಿ ಗೋಪುರವೊಂದು ನಿಂತಿದೆ. ವಾಸ್ತುಶಿಲ್ಪಿ ಲಾರಿ ಬೇಕರ್ ರೂಪಿಸಿದ ಇಂಡಿಯನ್ ಕಾಫಿ ಹೌಸ್ ಇದು. ಒಳಗೆ ಮೆಟ್ಟಿಲೂ ಇಲ್ಲ, ಮಹಡಿಯೂ ಇಲ್ಲ. ಇಳಿಜಾರು ನೆಲ ಸುತ್ತುತ್ತಾ ಏರುತ್ತದೆ, ಅದರ ಅಂಚಿಗೆ ಮೇಜುಗಳು. ಮಸಾಲೆದೋಸೆಯ ಪಲ್ಯಕ್ಕೆ ಬೀಟ್‌ರೂಟ್ ಬಣ್ಣ. ಕಾಫಿ ಬೋರ್ಡ್ ತನ್ನ ಹೋಟೆಲುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡ ನೌಕರರು ಎ.ಕೆ. ಗೋಪಾಲನ್ ನೇತೃತ್ವದಲ್ಲಿ ಸಹಕಾರಿ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲಿ.

ಕನ್ನಡದ ಕಿವಿಗೆ ಇಂಪಾದ ಇನ್ನೊಂದು ಸಂಗತಿ ರಾಜ್ಯ ಶಾಲಾ ಕಲೋತ್ಸವ. ವರ್ಷಕ್ಕೊಂದು ಊರಿನಲ್ಲಿ ನಡೆಯುವ ಈ ಹಬ್ಬ 2025ರ ಜನವರಿಯಲ್ಲಿ ತಿರುವನಂತಪುರಕ್ಕೆ ಬಂದಿತ್ತು. ಇಲ್ಲಿನ ಸ್ಪರ್ಧೆಗಳಲ್ಲಿ ಯಕ್ಷಗಾನವೂ ಇದೆ. ಆ ವರ್ಷ ಕಾಸರಗೋಡಿನ ಬುಡಕಟ್ಟು ಕಲೆ ಮಂಗಲಂಕಳಿಗೂ ವೇದಿಕೆ ಸಿಕ್ಕಿತು. ನೋಡಲು ಬರುವವರಲ್ಲಿ ಹಿಂದೆ ತಾವೇ ಸ್ಪರ್ಧಿಸಿದ್ದ ಕಾಲೇಜು ಹುಡುಗರದ್ದೇ ದೊಡ್ಡ ಗುಂಪು.

ಅಲೆ ಮತ್ತು ಬೆಟ್ಟ

ನಗರದಿಂದ ಅರ್ಧ ಗಂಟೆಗೆ ಕೋವಳಂ. ಕೆಂಪು ಬಿಳಿ ಪಟ್ಟೆಯ ದೀಪಸ್ತಂಭದ ಕೆಳಗೆ ಸರ್ಫಿಂಗ್ ಕಲಿಸುವವರಿದ್ದಾರೆ. ಇಲ್ಲಿನ ಕೋವಳಂ ಸರ್ಫ್ ಕ್ಲಬ್ ಹುಟ್ಟಿದ್ದು 2005ರಲ್ಲಿ, ಶಾಲೆ ಬಿಟ್ಟ ಮಕ್ಕಳಿಗಾಗಿ ದುಡಿಯುವ ಸಂಸ್ಥೆಯೊಂದರ ಜೊತೆಯಲ್ಲಿ. ಅದರ ನಿಯಮ ಸರಳ: ಶಾಲೆಗೆ ಬಾರದವರಿಗೆ ಹಲಗೆಯಿಲ್ಲ. ಮೂಲ್ಕಿಯ ಅಲೆಗಳಲ್ಲಿ ಕಲಿತವರಿಗೆ ಇದು ಪರಿಚಿತ ಲೋಕವೇ. ಮಳೆಗಾಲದ ಕಡಲು ಮಾತ್ರ ಹೊಸಬರಿಗೆ ತಕ್ಕದ್ದಲ್ಲ. ಮಳೆ ಕಳೆದ ಮೇಲೆ, ಕಲಿಸುವವರ ಜೊತೆಗೇ ನೀರಿಗಿಳಿಯಬೇಕು.

ಬೆಟ್ಟ ಇಷ್ಟಪಡುವವರಿಗೆ 22 ತಿರುವುಗಳ ಪೊನ್ಮುಡಿ ದಾರಿ ಇದೆ. 2023ರ ಅಕ್ಟೋಬರ್‌ನಲ್ಲಿ ಏಷ್ಯಾ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಇಲ್ಲಿಯೇ. ಇನ್ನೂ ಕಠಿಣವಾದದ್ದು ಬೇಕೆಂದರೆ 1,868 ಮೀಟರ್ ಎತ್ತರದ ಅಗಸ್ತ್ಯಾರ್‌ಕೂಡಂ. ಅರಣ್ಯ ಇಲಾಖೆ ವರ್ಷದ ಆರಂಭದ ಕೆಲವು ವಾರಗಳಲ್ಲಿ ಮಾತ್ರ, ಮೊದಲೇ ಹೆಸರು ನೋಂದಾಯಿಸಿದವರನ್ನು ಬಿಡುತ್ತದೆ. ದೀರ್ಘಕಾಲ ಹೆಣ್ಣುಮಕ್ಕಳಿಗೆ ಶಿಖರದ ದಾರಿ ಮುಚ್ಚಿತ್ತು. 2018ರಲ್ಲಿ ಹೈಕೋರ್ಟ್ ಆ ತಡೆಯನ್ನು ತೆಗೆಯಿತು. 2019ರ ಜನವರಿಯಿಂದ ಅವರೂ ಏರುತ್ತಿದ್ದಾರೆ.

ಚಿತ್ರೋತ್ಸವ ಮುಗಿದ ಸಂಜೆ ತಂಬಾನೂರಿನಲ್ಲಿ ಮಂಗಳೂರಿನ ಮಾವೇಲಿ ಎಕ್ಸ್‌ಪ್ರೆಸ್ ಹೊರಡಲು ಸಿದ್ಧವಾಗಿರುತ್ತದೆ. ಪ್ರತಿನಿಧಿ ಕಾರ್ಡನ್ನು ಇನ್ನೂ ಕೊರಳಿನಿಂದ ತೆಗೆಯದ ಹುಡುಗ ಹುಡುಗಿಯರು ಕೈಚೀಲ ಹೊತ್ತು ಹತ್ತುತ್ತಾರೆ. ಕೊಲ್ಲಂ ದಾಟುವವರೆಗೂ ನೋಡಿದ ಚಿತ್ರಗಳದ್ದೇ ಮಾತು, ಆಮೇಲೆ ನಿದ್ದೆ. ಬೆಳಗಿನ ಜಾವ ಕಾಸರಗೋಡಿನಲ್ಲಿ ಇಳಿಯುವವರು ಬರ್ತಿನ ಮೇಲೆ ಉತ್ಸವದ ಕೈಪಿಡಿಯನ್ನು ಹುಡುಕುತ್ತಾರೆ. ಅದರ ಅಂಚಿನಲ್ಲಿ ತಪ್ಪಿಹೋದ ಚಿತ್ರಗಳ ಪಟ್ಟಿಯಿದೆ.