ಅಂಗೈಲಿ ಅರಿಶಿನ, ಪರದೆಯಲ್ಲಿ ಅಣು

ಭೀಮಾ ನದಿಯ ದಂಡೆಯಲ್ಲಿರುವ ಘತ್ತರಗಿ ಭಾಗ್ಯವಂತಿ ದೇವಿಯ ಊರು. ಅಫಜಲಪುರ ತಾಲ್ಲೂಕಿನ ಈ ಊರಲ್ಲಿ ಅರಿಶಿನ, ಕುಂಕುಮ ಕಾಣದ ಮಗುವಿಲ್ಲ. ಮದುವೆಯಿರಲಿ, ಕುಬಸವಿರಲಿ, ತಟ್ಟೆಯ ನೀರಿಗೆ ಅರಿಶಿನ ಹಾಕಿ, ಚಿಟಿಕೆ ಸುಣ್ಣ ಕದಡಿ, ಆ ಕೆಂಪು ನೀರಿನಿಂದ ಆರತಿ ಎತ್ತುವುದು ಇಲ್ಲಿನ ಮನೆಗಳ ರೂಢಿ. ಅರಿಶಿನ ಹಳದಿ, ಸುಣ್ಣ ಬಿಳಿ, ಎರಡೂ ಸೇರಿದರೆ ಕೆಂಪು ಹೇಗೆ ಬಂತು? ಮಗು ಹೀಗೆ ಕೇಳಿದ ದಿನವೇ ಅದರ ರಸಾಯನ ವಿಜ್ಞಾನದ ಮೊದಲ ಪಾಠ ಶುರುವಾಗುತ್ತದೆ.

ಅರಿಶಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್ ಎಂಬ ವಸ್ತು. ಆಮ್ಲದಲ್ಲೂ ತಟಸ್ಥ ನೀರಿನಲ್ಲೂ ಹಳದಿಯಾಗಿರುವ ಇದು ಸುಣ್ಣದಂಥ ಪ್ರತ್ಯಾಮ್ಲ ತಾಗಿದೊಡನೆ ಕೆಂಪಾಗುತ್ತದೆ. ಅದೇ ಕೆಂಪಿನ ಮೇಲೆ ಪಕ್ಕದ ಇಂಡಿಯ ಲಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ ಮರಳುತ್ತದೆ. ಪ್ರಯೋಗಾಲಯದಲ್ಲಿ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನು ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಪುಡಿಯೇ ಮಾಡುತ್ತದೆ.

ಇಷ್ಟನ್ನು ತೋರಿಸಲು ಇಂಟರ್ನೆಟ್ ಬೇಕಿಲ್ಲ. ಆದರೆ ಬಣ್ಣ ಬದಲಾದಾಗ ಒಳಗೆ ಅಣುಗಳಲ್ಲಿ ಏನು ನಡೆಯಿತು ಎಂಬುದು ಯಾವ ಕಣ್ಣಿಗೂ ಕಾಣದು. ಪರದೆಯ ನಿಜವಾದ ಉಪಯೋಗ ಇರುವುದು ಅಲ್ಲಿ. ಕಣ್ಣಿಗೆ ಕಾಣುವುದನ್ನು ಕೈಯಿಂದಲೇ ಮಾಡಿಸಬೇಕು, ಕಾಣದ್ದನ್ನು ಪರದೆಯಲ್ಲಿ ತೋರಿಸಬೇಕು. ಈ ಅಧ್ಯಾಯದ ತಿರುಳು ಇಷ್ಟೇ.

ಬಿಟ್ಟಿ ಸಿಗುವ ಪ್ರಯೋಗಾಲಯ

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ 2002ರಲ್ಲಿ ‘ಫೆಟ್’ ಎಂಬ ಯೋಜನೆ ಆರಂಭಿಸಿದರು. ಹಿಂದಿನ ವರ್ಷವಷ್ಟೇ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತ್ತು. ನಮ್ಮ ಸತ್ಯೇಂದ್ರನಾಥ ಬೋಸರ ಹೆಸರು ಹೊತ್ತ ಬೋಸ್–ಐನ್‌ಸ್ಟೈನ್ ಸಾಂದ್ರಿತವನ್ನು ಪ್ರಯೋಗದಲ್ಲಿ ಸಾಧಿಸಿ ತೋರಿಸಿದವರಲ್ಲಿ ಅವರೂ ಒಬ್ಬರು. ಫೆಟ್‌ನಲ್ಲಿರುವ ಆಟದಂಥ ಪ್ರಯೋಗಗಳು ಪೂರ್ತಿ ಉಚಿತ. ಹಲವು ಕನ್ನಡದಲ್ಲೂ ಇವೆ. ಹೊಸ ಬಗೆಯವು ಸಾಧಾರಣ ಮೊಬೈಲ್‌ನಲ್ಲೂ ನಡೆಯುತ್ತವೆ. ಒಮ್ಮೆ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಹೋದರೂ ಪಾಠ ನಿಲ್ಲದು.

ಅದರ ಪಿಎಚ್ ಮಾಪಕವನ್ನು ನೋಡಿ. ಪರದೆಯಲ್ಲೊಂದು ಪಾತ್ರೆ, ಮೇಲೊಂದು ನೀರಿನ ನಲ್ಲಿ. ಹಾಲು, ಕಾಫಿ, ಕಿತ್ತಳೆ ರಸ, ರಕ್ತ, ಬ್ಯಾಟರಿ ಆಮ್ಲ, ಯಾವುದನ್ನು ಬೇಕಾದರೂ ಪಾತ್ರೆಗೆ ಸುರಿದು ಪಿಎಚ್ ಅಳೆಯಬಹುದು. ಶುದ್ಧ ನೀರಿಗೆ 7, ರಕ್ತಕ್ಕೆ 7.4. ಈಗ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿ: “ಬ್ಯಾಟರಿ ಆಮ್ಲಕ್ಕೆ ನೀರು ಬೆರೆಸುತ್ತಾ ಹೋದರೆ ಅದು ಕೊನೆಗೆ ಪ್ರತ್ಯಾಮ್ಲ ಆಗುತ್ತದೆಯೇ?” ಆಗುತ್ತದೆ ಎನ್ನುವವರು ತರಗತಿಯಲ್ಲಿ ಇದ್ದೇ ಇರುತ್ತಾರೆ. ಅವರ ಕೈಗೇ ಮೊಬೈಲ್ ಕೊಡಿ. ನೀರು ಸೇರಿದಂತೆ ಅಂಕಿ 7ರ ಕಡೆಗೆ ಸರಿಯುತ್ತದೆ, ಆದರೆ 7ನ್ನು ದಾಟುವುದಿಲ್ಲ. ನೀರು ಆಮ್ಲವನ್ನು ತೆಳುವಾಗಿಸಬಲ್ಲದು, ಪ್ರತ್ಯಾಮ್ಲವನ್ನಾಗಿ ಮಾಡಲಾರದು. ಜೊತೆಗೆ ಇನ್ನೊಂದು ಮಾತನ್ನೂ ತಿಳಿಸಬೇಕು. ಪಿಎಚ್ ಮಾಪಕದಲ್ಲಿ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು. ಸುಮಾರು 2 ಪಿಎಚ್ ಇರುವ ಲಿಂಬೆರಸದಲ್ಲಿ ಶುದ್ಧ ನೀರಿಗಿಂತ ಲಕ್ಷ ಪಟ್ಟು ಹೆಚ್ಚು ಹೈಡ್ರೋಜನ್ ಅಯಾನುಗಳಿರುತ್ತವೆ.

ಸಮೀಕರಣ ಸರಿದೂಗಿಸುವ ಪ್ರಯೋಗವೂ ಅಷ್ಟೇ ಉಪಯುಕ್ತ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯವೇ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಮಕ್ಕಳು ಎಡವುವುದೂ ಇಲ್ಲೇ. ಆಕ್ಸಿಜನ್ ಲೆಕ್ಕ ಕೂಡಲಿಲ್ಲವೆಂದು ನೀರಿನ ಸೂತ್ರದೊಳಗೇ ಇನ್ನೊಂದು ಆಕ್ಸಿಜನ್ ತುರುಕುತ್ತಾರೆ. ಹಾಗೆ ಮಾಡಿದರೆ ಅದು ನೀರಾಗಿ ಉಳಿಯದೆ ಹೈಡ್ರೋಜನ್ ಪೆರಾಕ್ಸೈಡ್ ಆಗಿಬಿಡುತ್ತದೆ. ಫೆಟ್‌ನಲ್ಲಿ ಅಣುಗಳ ಸಂಖ್ಯೆಯನ್ನು ಮಾತ್ರ ಬದಲಿಸಬಹುದು, ಅಣುವಿನ ಒಳಗೆ ಕೈಯಾಡಿಸುವಂತಿಲ್ಲ. ಹತ್ತು ನಿಮಿಷ ಆಡಿದ ಮಗುವಿಗೆ ಆ ನಿಯಮವನ್ನು ಬಾಯಿಪಾಠ ಮಾಡಿಸುವ ಅಗತ್ಯವಿರದು.

ಇನ್ನೂ ಕೆಲವು ಬಾಗಿಲುಗಳು

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ದೀಕ್ಷಾ ವೇದಿಕೆಯಲ್ಲಿ ಕನ್ನಡ ಮಾಧ್ಯಮದ ಪಾಠಗಳಿವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ಆ ಪಾಠದ ವಿಡಿಯೊ, ಅಭ್ಯಾಸಗಳು ತೆರೆದುಕೊಳ್ಳುತ್ತವೆ. ಶಾಲೆಯ ಪಾಠದ ಜೊತೆಗೇ ಸಾಗಬೇಕೆನ್ನುವವರಿಗೆ ಇದೇ ಮೊದಲ ಬಾಗಿಲು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವನ್ನು ಶಿಕ್ಷಕರೇ ಸೇರಿ ಬೆಳೆಸಿದ್ದಾರೆ. ಅಲ್ಲಿನ ಸಾಮಗ್ರಿಯನ್ನು ತಮ್ಮ ತರಗತಿಗೆ ತಕ್ಕಂತೆ ತಿದ್ದಿ ಬಳಸಲು ಯಾರಿಗೂ ಅಡ್ಡಿಯಿಲ್ಲ.

ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸೇರಿ ರೂಪಿಸಿದ ‘ಓಲ್ಯಾಬ್ಸ್’ನಲ್ಲಿ ಪ್ರೌಢಶಾಲೆ ಮತ್ತು ಪಿಯುಸಿ ಮಟ್ಟದ ಪ್ರಯೋಗಗಳಿವೆ. ಬ್ಯುರೆಟ್, ಪಿಪೆಟ್ ಕೊಳ್ಳಲಾಗದ ಶಾಲೆಯ ಮಕ್ಕಳಿಗೂ ಟೈಟ್ರೇಶನ್ ಹೇಗೆ ನಡೆಯುತ್ತದೆ ಎಂಬುದು ತಿಳಿಯುತ್ತದೆ. ಅರವಿಂದ ಗುಪ್ತಾ ಅವರ ತಾಣದಲ್ಲಿ ಕಸದಿಂದ ಮಾಡುವ ವಿಜ್ಞಾನದ ಆಟಿಕೆಗಳ ವಿಡಿಯೊ ಮತ್ತು ಪುಸ್ತಕಗಳು ರಾಶಿ ರಾಶಿ ಸಿಗುತ್ತವೆ. ಅಲ್ಲಿ ಕನ್ನಡಕ್ಕೂ ಜಾಗವಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ‘ಪೀರಿಯಾಡಿಕ್ ವಿಡಿಯೋಸ್’ 2008ರಲ್ಲಿ ಆರಂಭವಾಯಿತು. 118 ಧಾತುಗಳಲ್ಲಿ ಪ್ರತಿಯೊಂದಕ್ಕೂ ಒಂದು ವಿಡಿಯೊ ಇದೆ. ಭಾಷೆ ಇಂಗ್ಲಿಷ್ ಆದರೂ ನೀರಿಗೆ ಬಿದ್ದ ಸೋಡಿಯಂ ಏನು ಮಾಡುತ್ತದೆ ಎಂದು ನೋಡಲು ಭಾಷೆ ತೊಡಕಾಗದು. ಮೇಷ್ಟ್ರು ಪಕ್ಕದಲ್ಲಿ ನಿಂತು ಎರಡು ಮಾತು ಕನ್ನಡದಲ್ಲಿ ಹೇಳಿದರೆ ಸಾಕು.

ಫರಸಿ ಕಲ್ಲಿನ ಪಾಠ

ಈ ಭಾಗದ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಫರಸಿ ಎಂದರೆ ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಈ ಕಲ್ಲಿನ ಪದರಗಳಿಗೆ ನಮ್ಮ ನದಿಯ ಹೆಸರನ್ನೇ ಕೊಟ್ಟು ‘ಭೀಮಾ ಶಿಲಾಸಮೂಹ’ ಎನ್ನುತ್ತಾರೆ. ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಇದೇ ಕಲ್ಲಿನ ಮೇಲೆ. ಒಂದು ಚೂರು ಫರಸಿಯನ್ನು ಕುಟ್ಟಿ ಪುಡಿ ಮಾಡಿ, ಲಿಂಬೆರಸದ ನಾಲ್ಕು ಹನಿ ಬಿಟ್ಟು ಕಣ್ಣಿಟ್ಟು ನೋಡಿ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಕಲ್ಲಿನಿಂದ ಹೊರಬಂದ ಕಾರ್ಬನ್ ಡೈಆಕ್ಸೈಡ್.

ಇದೇ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸುಟ್ಟ ಸುಣ್ಣ ಸಿಗುತ್ತದೆ. ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ 100 ಗ್ರಾಂ ಇದ್ದರೆ ಸುಣ್ಣ 56 ಗ್ರಾಂ, ಗಾಳಿಗೆ ಹೋಗುವ ಕಾರ್ಬನ್ ಡೈಆಕ್ಸೈಡ್ 44 ಗ್ರಾಂ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಬಿಸಿಯಾಗಿ ಅರಳುತ್ತದೆ. ಅದನ್ನೇ ಗೋಡೆಗೆ ಬಳಿದರೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಕಲ್ಲಾಗಿ ಹೊರಟದ್ದು ಗೋಡೆಯ ಮೇಲೆ ತೆಳುವಾದ ಕಲ್ಲಾಗಿಯೇ ಸೇರಿತು! ಭಟ್ಟಿಯ ಕೆಲಸವನ್ನು ತರಗತಿಯಲ್ಲಿ ಮಾಡಲಾಗದು, ಅದನ್ನು ವಿಡಿಯೊದಲ್ಲಿ ತೋರಿಸಿ. ಗುಳ್ಳೆ ಏಳುವುದನ್ನು ಮಾತ್ರ ವಿಡಿಯೊದಲ್ಲಿ ತೋರಿಸಬೇಡಿ, ಅದನ್ನು ಮಗುವೇ ಮಾಡಬೇಕು.

ಎಚ್ಚರ ಬೇಕಾದ ಕಡೆ

ಯೂಟ್ಯೂಬ್‌ನಲ್ಲಿ ಬೆರಗು ಹುಟ್ಟಿಸುವ ಸ್ಫೋಟಗಳಿಗೆ ಬರವಿಲ್ಲ. ಅವನ್ನು ನೋಡಿ ಮನೆಯಲ್ಲಿ ಮಾಡಹೊರಟರೆ ಅನಾಹುತ ಖಂಡಿತ. ಸುಟ್ಟ ಸುಣ್ಣವನ್ನು ಮಕ್ಕಳ ಕೈಗೆ ಕೊಡಬಾರದು. ಎಲೆ-ಅಡಿಕೆಯ ಸುಣ್ಣವೂ ಕಣ್ಣಿಗೆ ಬಿದ್ದರೆ ಕಣ್ಣನ್ನು ಸುಡುತ್ತದೆ. ಬಿದ್ದರೆ ತಕ್ಷಣ ಧಾರಾಳ ನೀರಿನಿಂದ ತೊಳೆದು ವೈದ್ಯರ ಬಳಿ ಒಯ್ಯಬೇಕು. ಆಮ್ಲವನ್ನು ತೆಳುವಾಗಿಸುವಾಗ ನೀರಿಗೆ ಆಮ್ಲವನ್ನು ನಿಧಾನವಾಗಿ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದು. ಫೆಟ್ ಆಟದಲ್ಲಿ ಆಮ್ಲದ ಮೇಲೆ ನೀರು ಬಿಟ್ಟರೂ ಏನೂ ಆಗದು. ಪ್ರಯೋಗಾಲಯದಲ್ಲಿ ಹಾಗೆ ಮಾಡಬಾರದೆಂದು ಅಲ್ಲೇ ಹೇಳಿಬಿಡಿ.

ಇನ್ನೊಂದು ತಪ್ಪು ಸದ್ದಿಲ್ಲದೆ ನುಸುಳುತ್ತದೆ. ಪರದೆಯಲ್ಲಿ ಆಕ್ಸಿಜನ್ ಕೆಂಪು ಚೆಂಡು, ಹೈಡ್ರೋಜನ್ ಬಿಳಿ ಚೆಂಡು, ಕಾರ್ಬನ್ ಕಪ್ಪು ಚೆಂಡು. ಪರಮಾಣುಗಳಿಗೆ ನಿಜವಾಗಿಯೂ ಬಣ್ಣವಿದೆ ಎಂದು ಮಕ್ಕಳು ನಂಬಿಬಿಡುತ್ತಾರೆ. ಗುರುತು ಸಿಗಲೆಂದು ಹಚ್ಚಿದ ಬಣ್ಣ ಅದು ಎಂದು ಮೊದಲೇ ತಿಳಿಸಬೇಕು.

ಕನ್ನಡದಲ್ಲಿ ಇನ್ನಷ್ಟು

ಕನ್ನಡದಲ್ಲಿ ವಿಜ್ಞಾನ ಹೇಳುವ ಕೆಲಸ ಹೊಸತಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ ‘ವಿಜ್ಞಾನ’ ಎಂಬ ಪತ್ರಿಕೆ ಹೊರಡಿಸಿದ್ದರು. ಮುಂದೆ ‘ಬಾಲವಿಜ್ಞಾನ’ ಹಳ್ಳಿಯ ಶಾಲೆಗಳಿಗೂ ತಲುಪಿತು. ಈಗ ಅದೇ ಕೆಲಸ ಪರದೆಯ ಮೇಲೆ ನಡೆಯಬೇಕಿದೆ. ಆಳಂದ, ಅಫಜಲಪುರ, ಜೇವರ್ಗಿಯನ್ನು ನಂಜುಂಡಪ್ಪ ಸಮಿತಿಯ 2002ರ ವರದಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಇಂಥ ಕಡೆಯ ಮಗುವಿಗೂ ಬೆಂಗಳೂರಿನ ಮಗುವಿಗೂ ಒಂದೇ ಪ್ರಯೋಗ ಒಂದೇ ಗುಣಮಟ್ಟದಲ್ಲಿ ಬಿಟ್ಟಿಯಾಗಿ ಸಿಗುತ್ತಿರುವುದು ದೊಡ್ಡ ಅವಕಾಶ. ಅದನ್ನು ಬಳಸದೆ ಬಿಟ್ಟರೆ ನಷ್ಟ ಮಕ್ಕಳಿಗೆ.

ಶಿಕ್ಷಕರೇ, ಪಾಲಕರೇ, ನೆಟ್‌ವರ್ಕ್ ಚೆನ್ನಾಗಿರುವಾಗ ನಾಲ್ಕಾರು ಪ್ರಯೋಗಗಳನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಮೊದಲು ಅರಿಶಿನ, ಲಿಂಬೆ ಮತ್ತು ನಿಮ್ಮ ಕಣ್ಗಾವಲಿನಲ್ಲಿ ಚಿಟಿಕೆ ಎಲೆ-ಅಡಿಕೆಯ ಸುಣ್ಣ ಮಕ್ಕಳ ಕೈಗೆ ಕೊಡಿ, ಏನಾಗಬಹುದೆಂದು ಅವರಿಂದಲೇ ಹೇಳಿಸಿ, ಆಮೇಲೆ ಪರದೆ ತೆರೆಯಿರಿ. ಫೆಟ್‌ನ ಅನುವಾದ ಸ್ವಯಂಸೇವಕರಿಗೆ ತೆರೆದ ಕೆಲಸ. ಇಂಗ್ಲಿಷ್ ಬಲ್ಲ ವಿಜ್ಞಾನ ಶಿಕ್ಷಕರು ಬಿಡುವಿನಲ್ಲಿ ತಲಾ ಒಂದು ಪ್ರಯೋಗವನ್ನು ಕನ್ನಡಕ್ಕೆ ತಂದರೂ ಮುಂದೆ ಬರುವ ಸಾವಿರಾರು ಮಕ್ಕಳ ದಾರಿ ಸಲೀಸಾಗುತ್ತದೆ.