ರಕ್ತದ ಸಕ್ಕರೆ ಕುಸಿದಾಗ ಮನೆಯವರ ಕರ್ತವ್ಯ

ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡಬಾರದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಅದೇ ಸಕ್ಕರೆಯು ಪ್ರಾಣ ಉಳಿಸುವ ಔಷಧವಾಗುವ ಗಳಿಗೆಯೂ ಒಂದುಂಟು. ಆ ಗಳಿಗೆಯನ್ನು ಗುರುತಿಸಲು ಪತಿಪತ್ನಿಯರಿಬ್ಬರೂ ಕಲಿತಿರಬೇಕು.

ಮೆದುಳಿಗೆ ಶಕ್ತಿ ಒದಗಿಸುವುದು ಮುಖ್ಯವಾಗಿ ರಕ್ತದಲ್ಲಿನ ಸಕ್ಕರೆ. ಇನ್ಸುಲಿನ್ ಚುಚ್ಚುಮದ್ದು ಮತ್ತು ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್‌ನಂತಹ ಮಾತ್ರೆಗಳು ಈ ಸಕ್ಕರೆಯನ್ನು ಇಳಿಸುತ್ತವೆ. ಮದ್ದು ತೆಗೆದುಕೊಂಡು ಊಟ ಬಿಟ್ಟರೆ, ಎಂದಿಗಿಂತ ಹೆಚ್ಚು ದುಡಿದರೆ ಅಥವಾ ಮದ್ಯ ಸೇವಿಸಿದರೆ ಅದು ಮಿತಿಮೀರಿ ಇಳಿಯಬಹುದು. 100 ಮಿಲಿಲೀಟರ್ ರಕ್ತದಲ್ಲಿ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಕೂಡಲೇ ಉಪಚಾರ ಅಗತ್ಯ.

ದಾಂಡೇಲಿ ಸಮೀಪದ ಕೋಗಿಲಬನದಲ್ಲಾಗಲಿ, ಹಳಿಯಾಳ, ಜೋಯಿಡಾ, ಮುಂಡಗೋಡಿನ ಹಳ್ಳಿಗಳಲ್ಲಾಗಲಿ, ಬೆಳಿಗ್ಗೆ ಮಾತ್ರೆ ನುಂಗಿ, ಏನನ್ನೂ ಉಣ್ಣದೆ ಮಧ್ಯಾಹ್ನದವರೆಗೂ ಗದ್ದೆಯಲ್ಲಿ ದುಡಿದ ರೈತನೊಬ್ಬನನ್ನು ಭಾವಿಸಿಕೊಳ್ಳಿರಿ. ಅವನ ಕೈ ನಡುಗುತ್ತದೆ, ತಣ್ಣನೆಯ ಬೆವರು ಸುರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಬಳಿಕ ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ನೋಡಿದವರು ಕುಡಿದಿದ್ದಾನೆಂದೋ ಗಾಳಿ ಸೋಕಿದೆಯೆಂದೋ ತಪ್ಪು ತಿಳಿಯಬಹುದು. ಅವನು ಮದ್ದು ತೆಗೆದುಕೊಂಡದ್ದನ್ನೂ ಉಣ್ಣದೆ ಹೊರಟದ್ದನ್ನೂ ಬಲ್ಲವಳು ಹೆಂಡತಿ. ಆದುದರಿಂದ ಅವಳ ತಿಳಿವಳಿಕೆಯೇ ಇಲ್ಲಿ ಮೊದಲ ವೈದ್ಯ. ಹೆಂಡತಿಗೆ ಕಾಯಿಲೆಯಿದ್ದರೆ ಗಂಡನ ಹೊಣೆಯೂ ಇದೇ.

ರೋಗಿಗೆ ಎಚ್ಚರವಿದ್ದು ನುಂಗಲು ಶಕ್ತನಾಗಿದ್ದರೆ, ಮೂರು-ನಾಲ್ಕು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿರಿ. ಸಕ್ಕರೆ ಇಲ್ಲದಿದ್ದರೆ ಬೆಲ್ಲದ ನೀರಾದೀತು. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಿರಿ. ಚೇತರಿಸಿದ ಮೇಲೆ ಅನ್ನವನ್ನೋ ರೊಟ್ಟಿಯನ್ನೋ ಉಣಿಸಿರಿ. ರಕ್ತ ಪರೀಕ್ಷೆಯ ಸಾಧನವಿಲ್ಲವೆಂದು ಕಾಯಬೇಡಿರಿ. ಸಂಶಯದಿಂದ ಕೊಟ್ಟ ಒಂದು ಲೋಟ ಸಕ್ಕರೆ ನೀರಿನಿಂದ ಆಗುವ ಹಾನಿ ಅಲ್ಪ; ತಡಮಾಡಿದರೆ ಮೆದುಳಿಗೆ ಶಾಶ್ವತ ಹಾನಿ ತಟ್ಟಬಹುದು.

ರೋಗಿಯು ಪ್ರಜ್ಞೆ ತಪ್ಪಿದ್ದರೆ ಅಥವಾ ಸೆಳೆತ ಬಂದಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು. ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಒಂದು ಮಗ್ಗುಲಿಗೆ ಮಲಗಿಸಿ, ಕೂಡಲೇ 108ಕ್ಕೆ ಕರೆಮಾಡಿರಿ. ಈ ತುರ್ತು ವಾಹನ ಸೇವೆಯು ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ದ್ರಾವಣವನ್ನು ನೇರವಾಗಿ ರಕ್ತನಾಳಕ್ಕೆ ಕೊಡುತ್ತಾರೆ. ರೋಗಿಯು ಸೇವಿಸುವ ಮದ್ದನ್ನು ತಪ್ಪದೆ ಜೊತೆಗೆ ಒಯ್ಯಿರಿ.

ಮಾತ್ರೆಯಿಂದ ಸಕ್ಕರೆ ಇಳಿದಿದ್ದರೆ, ಎದ್ದು ಕುಳಿತ ರೋಗಿಗೂ ಕೆಲವು ಗಂಟೆಗಳ ನಂತರ ಅದು ಮತ್ತೆ ಇಳಿಯಬಹುದು. ಆದ್ದರಿಂದ ಚೇತರಿಸಿದ ಮೇಲೂ ವೈದ್ಯರನ್ನು ಕಾಣುವುದು ಅವಶ್ಯ. ಹೆದರಿ ಮದ್ದನ್ನು ತಾವಾಗಿಯೇ ನಿಲ್ಲಿಸಬಾರದು. ಅದರ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಇನ್ನು ಮೇಲೆ ಗದ್ದೆಗೆ ಹೊರಡುವಾಗ ಬುತ್ತಿಯ ಜೊತೆಗೆ ಒಂದು ಪೊಟ್ಟಣ ಸಕ್ಕರೆಯೂ ಇರಲಿ.