ಹಿತ್ತಲ ಅಳಿಲಿಗೆ ನೀರು, ನೆಲೆ, ಆರೈಕೆ

ತೆಂಗು, ಸೀಬೆ, ಹುಣಸೆ ಇರುವ ಹಿತ್ತಲಲ್ಲಿ ಅಳಿಲು ಇಲ್ಲದಿರುವುದು ಅಪರೂಪ. ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಸುತ್ತಿನಲ್ಲಿ ಕನ್ನಡ ಮಾತಿನವರು ಇದನ್ನು ಅಳಿಲು ಎನ್ನುತ್ತಾರೆ, ತೆಲುಗು ಮಾತಿನವರು ಉಡುತ ಎನ್ನುತ್ತಾರೆ. ಬೆನ್ನ ಮೇಲೆ ಮೂರು ಬಿಳಿ ಪಟ್ಟೆ, ಸುಮಾರು 100 ಗ್ರಾಂ ತೂಕ. ಉತ್ತರ ಭಾರತದ ಊರುಗಳಲ್ಲಿ ಕಾಣುವ ಐದು ಪಟ್ಟೆಯ ಅಳಿಲು ಇದರ ದಾಯಾದಿ. ರಾಮನ ಸೇತುವೆಗೆ ಮರಳು ಹೊತ್ತ ಕಥೆಯಿಂದ ‘ಅಳಿಲು ಸೇವೆ’ ಎಂಬ ಮಾತೇನೋ ನಮ್ಮಲ್ಲಿ ನಿಂತಿದೆ. ಆದರೆ ಹನಿ ನೀರಾವರಿ ಪೈಪು ಕಡಿದಾಗ, ದಾಳಿಂಬೆ ತೂತಾದಾಗ ಆ ಕಥೆ ಯಾರಿಗೂ ನೆನಪಾಗುವುದಿಲ್ಲ.

ಈ ಭಾಗದ ಒಬ್ಬ ರೈತರು ತಮ್ಮ ತೋಟದಲ್ಲಿ ಕೇಳಿದ್ದು ಹೀಗೆ: ‘ಮೆಕ್ಕೆಜೋಳಕ್ಕೆ ಇಲಿ ಪಾಷಾಣ ಬೆರೆಸಿ ಮರದ ಬುಡಕ್ಕೆ ಇಟ್ಟುಬಿಡಲಾ ಸಾರ್?’ ನಾನು ಬಾಯಿ ತೆರೆಯುವ ಮುಂಚೆ, ಜಗಲಿಯ ಮೇಲೆ ಅವರೆ ಬಿಡಿಸುತ್ತಿದ್ದ ಅವರ ತಾಯಿ ಉತ್ತರ ಕೊಟ್ಟರು: ‘ಉಡುತಕ್ಕೆ ಇಟ್ಟಿದ್ದನ್ನು ನಮ್ಮ ಕೋಳಿ ತಿನ್ನಲ್ಲ ಅಂತ ಅದಕ್ಕೆ ಯಾರು ಹೇಳ್ತಾರಪ್ಪ?’

ಆ ತಾಯಿಯ ಮಾತು ನೂರಕ್ಕೆ ನೂರು ಸರಿ. ಇಲಿಗೆ ಬಳಸುವ ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿದೊಡನೆ ಫಾಸ್ಫಿನ್ ಎಂಬ ವಿಷಾನಿಲವಾಗುತ್ತದೆ. ಅದಕ್ಕೆ ನೇರವಾದ ಪ್ರತಿವಿಷವಿಲ್ಲ. ಕೋಳಿ, ನಾಯಿ, ಕುರಿ ಯಾವುದು ತಿಂದರೂ ಗತಿ ಒಂದೇ. ಆಡುವ ಮಕ್ಕಳಿರುವ ಹಿತ್ತಲಲ್ಲಿ ಇದನ್ನು ಬಯಲಿನಲ್ಲಿ ಇಡುವುದು ಅಪರಾಧಕ್ಕೆ ಸಮ ಎಂದೇ ನನ್ನ ಅಭಿಪ್ರಾಯ. ಅಂಟು ಹಲಗೆಯೂ ಬೇಡ. ಅದಕ್ಕೆ ಅಳಿಲಿನ ಜೊತೆ ಗುಬ್ಬಿ, ಓತಿಕ್ಯಾತಗಳೂ ಸಿಕ್ಕಿಕೊಂಡು ನರಳಿ ಸಾಯುತ್ತವೆ.

ಅಳಿಲು ಪೈಪು ಕಡಿಯುವುದೇಕೆ? ಹಲ್ಲು ಬೆಳೆಯುತ್ತಲೇ ಇರುವುದರಿಂದ ಏನನ್ನಾದರೂ ಕಡಿಯುವುದು ಅದರ ಹುಟ್ಟುಗುಣ. ಬೇಸಿಗೆಯಲ್ಲಿ ಇದಕ್ಕೆ ಬಾಯಾರಿಕೆಯೂ ಸೇರುತ್ತದೆ. ಉತ್ತರ ಪಿನಾಕಿನಿ ವರ್ಷದ ಬಹುಪಾಲು ಮರಳಾಗಿಯೇ ಇರುವ ಸೀಮೆ ನಮ್ಮದು. ಕುಂಟೆಗಳು ಬತ್ತಿದ ಮೇಲೆ ಸಣ್ಣ ಪ್ರಾಣಿಗೆ ತೇವ ಸಿಗುವುದು ಹನಿ ಪೈಪಿನ ಬಾಯಲ್ಲಿ ಮಾತ್ರ. ಆದ್ದರಿಂದ ಮೊದಲ ಉಪಾಯ ನೀರು. ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಅಂಗುಲ ನೀರು ತುಂಬಿ, ನಡುವೆ ಒಂದು ಕಲ್ಲಿಟ್ಟು, ಮರದ ನೆರಳಿನಲ್ಲಿ ಬೆಕ್ಕು ಹೊಂಚು ಹಾಕಲಾಗದಂತಹ ಬಯಲು ಜಾಗದಲ್ಲಿ ಇಡಿ. ಎಕರೆಗೆ ನಾಲ್ಕಾರು ಕಡೆ ಇಟ್ಟರೆ ಸಾಕು. ಪೈಪಿನ ಕಡಿತ ಪೂರ್ತಿ ನಿಲ್ಲುತ್ತದೆಂದು ಹೇಳಲಾರೆ, ಕಡಿಮೆಯಾಗುತ್ತದೆ. ನೀರನ್ನು ದಿನವೂ ಚೆಲ್ಲಿ ತಟ್ಟೆ ಉಜ್ಜಿ ತುಂಬಬೇಕು. ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದಂತೆ.

ಇದೇ ನೀರು ಅಳಿಲಿಗೆ ಮೃತ್ಯುವಾಗುವ ಇನ್ನೊಂದು ಜಾಗವಿದೆ. ಕೃಷಿಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ನಮ್ಮ ಒಣ ತಾಲ್ಲೂಕುಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಪಾಲಿಥೀನ್ ಹಾಳೆ ಹೊದಿಸಿದ ಹೊಂಡದ ಇಳಿಜಾರು ಗಾಜಿನಷ್ಟೇ ನುಣುಪು. ನೀರು ಕುಡಿಯಲು ಇಳಿದ ಅಳಿಲು, ಮುಂಗುಸಿ, ಮೊಲ ಮತ್ತೆ ಹತ್ತಲಾರದೆ ಸುತ್ತಿ ಸುತ್ತಿ ಮುಳುಗುತ್ತವೆ. ಹೊಂಡದ ನಾಲ್ಕೂ ಮೂಲೆಯಲ್ಲಿ ಗೂಟ ಹೊಡೆದು, ಗಂಟು ಹಾಕಿದ ತೆಂಗಿನ ನಾರಿನ ಹಗ್ಗವನ್ನೋ ಒಂದಕ್ಕೊಂದು ಹೊಲಿದ ಗೋಣಿ ತಾಟನ್ನೋ ನೀರಿನ ತಳದವರೆಗೆ ಇಳಿಬಿಡಿ. ನೀರು ಇಳಿದಂತೆ ಹಗ್ಗವೂ ಮುಟ್ಟುವಂತಿರಬೇಕು. ದಪ್ಪ ಹಗ್ಗವಾದರೆ ಕಾಲು ಜಾರಿದ ಮನುಷ್ಯನಿಗೂ ಹಿಡಿದುಕೊಳ್ಳಲು ಒಂದು ಆಸರೆ. ಸುತ್ತ ಬೇಲಿಯಂತೂ ಇರಲೇಬೇಕು. ಮನೆಯ ಹಿಂದಿನ ಸಿಮೆಂಟ್ ತೊಟ್ಟಿಗೆ ಓರೆಯಾಗಿ ಒಂದು ಒರಟು ಹಲಗೆ ಇಟ್ಟರಾಯಿತು. ಡ್ರಮ್ಮಿಗೆ ಮುಚ್ಚಳ ಹಾಕಿ.

ಇನ್ನು ನೆಲೆಯ ವಿಚಾರ. ತೆಂಗಿನ ನಾರು, ಹುಲ್ಲು, ಹತ್ತಿ, ಹಳೆ ಬಟ್ಟೆಯ ಎಳೆಗಳನ್ನು ಕಚ್ಚಿ ತಂದು ಅಳಿಲು ಚೆಂಡಿನಂತಹ ಗೂಡು ಕಟ್ಟುತ್ತದೆ. ಗಬ್ಬದ ಅವಧಿ ಸುಮಾರು 34 ದಿನ, ಒಂದು ಸೂಲಿಗೆ ಸಾಮಾನ್ಯವಾಗಿ ಎರಡೋ ಮೂರೋ ಮರಿ. ಹುಟ್ಟಿದಾಗ ಅವಕ್ಕೆ ಕೂದಲಿಲ್ಲ, ಕಣ್ಣು ಬಿಟ್ಟಿರುವುದಿಲ್ಲ. ಹಿಂದೆ ಹುಲ್ಲಿನ ಚಾವಣಿ, ನಾಡಹೆಂಚಿನ ಸಂದು, ಟೊಳ್ಳು ಹುಣಸೆ ಮರಗಳು ಗೂಡಿಗೆ ಒದಗುತ್ತಿದ್ದವು. ಈಗ ಮನೆಗಳು ಆರ್‌ಸಿಸಿ ಆಗಿವೆ, ಹಳೆಯ ಮರಗಳು ಕಡಿಮೆ. ಕುಡುಮಲಕುಂಟೆಯ ಹೊಲಗಳ ಮಗ್ಗುಲಿಗೆ ಕೈಗಾರಿಕಾ ಪ್ರದೇಶವೂ ಬಂದಿದೆ. ಹೀಗಾಗಿ ಅಳಿಲು ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆಯೊಳಗೇ ನಾರು ತುರುಕಿದರೆ ಆಶ್ಚರ್ಯವೇನು? ಪೆಟ್ಟಿಗೆಯ ತೂತುಗಳಿಗೆ ತಂತಿ ಬಲೆ ಹೊಡೆಯಿರಿ. ಗೂಡು ತೆಗೆಯುವ ಮುನ್ನ ಮೇನ್ ಆಫ್ ಮಾಡುವುದನ್ನು ಮರೆಯಬೇಡಿ.

ಬದಲಿ ನೆಲೆಗೆ ಖರ್ಚೇನೂ ಇಲ್ಲ. ಸಣ್ಣ ಬಾಯಿಯ ಹಳೆ ಮಡಕೆಯ ತಳದಲ್ಲಿ ನೀರು ಬಸಿಯಲು ಕಿರುಬೆರಳಿನಷ್ಟು ತೂತು ಮಾಡಿ, ಮಳೆ ಹೊಡೆಯದ ದಿಕ್ಕಿಗೆ ಬಾಯಿ ಸ್ವಲ್ಪ ಕೆಳಮುಖವಾಗಿರುವಂತೆ 12ರಿಂದ 15 ಅಡಿ ಎತ್ತರದ ಕವೆಗೆ ಬಿಗಿಯಾಗಿ ಕಟ್ಟಿ. ಮರದ ಪೆಟ್ಟಿಗೆಯೇ ಬೇಕೆಂದರೆ ಒಳಗಿನ ಅಳತೆ ಆರಂಗುಲ ಚೌಕ, ಹತ್ತಂಗುಲ ಎತ್ತರ, ಮೇಲ್ಭಾಗದಲ್ಲಿ ಎರಡಂಗುಲದ ಬಾಯಿ ಸಾಕು. ಬಣ್ಣ ಬಳಿಯಬೇಡಿ. ಒಳಗೆ ನೀವೇನೂ ತುಂಬಬೇಕಾಗಿಲ್ಲ. ಹತ್ತಿರದಲ್ಲಿ ಒಂದು ಹಿಡಿ ನಾರು ನೇತುಹಾಕಿದರೆ ಅದೇ ಒಯ್ದುಕೊಳ್ಳುತ್ತದೆ. ನೈಲಾನ್ ದಾರ, ಹರಿದ ಬಲೆ ಮಾತ್ರ ಸುತ್ತಮುತ್ತ ಬಿಡಬೇಡಿ. ಮರಿಗಳ ಕಾಲಿಗೆ ಸುತ್ತಿಕೊಂಡು ಕಾಲೇ ಕೊಳೆಯುತ್ತದೆ. ತೆಂಗಿನ ಸುಳಿ ಶುಚಿ ಮಾಡುವಾಗ, ಕೊಂಬೆ ಸವರುವಾಗ ಗೂಡು ಕಂಡರೆ ಆ ಒಂದು ಗರಿಯನ್ನೋ ಕೊಂಬೆಯನ್ನೋ ಎರಡೂವರೆ ತಿಂಗಳು ಬಿಟ್ಟುಬಿಡಿ. ಅಷ್ಟರಲ್ಲಿ ಮರಿ ಹಾಲು ಬಿಟ್ಟಿರುತ್ತದೆ.

ತಿನ್ನಲು ಕೊಡಬೇಕೇ? ಹಿತ್ತಲಲ್ಲಿ ಮರವಿದ್ದರೆ ಬೇಕಿಲ್ಲ. ಮಕ್ಕಳು ಪ್ರೀತಿಯಿಂದ ಹಾಕುವ ಬಿಸ್ಕತ್ತು, ಖಾರ, ಕರಿದ ತಿಂಡಿ ಅದಕ್ಕೆ ಆಹಾರವಲ್ಲ. ಉಪ್ಪಿಲ್ಲದ ಹಸಿ ಕಡಲೆಕಾಯಿ ನಾಲ್ಕು ಹಾಕಿದರೆ ತಪ್ಪಿಲ್ಲ, ಆದರೆ ಬೂಷ್ಟು ಹಿಡಿದದ್ದು ಖಂಡಿತ ಬೇಡ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಅದು ಯಕೃತ್ತನ್ನು ಕೆಡಿಸುತ್ತದೆ. (ಅದೇ ಕಾಯಿಯ ಹಿಂಡಿಯನ್ನು ಹಸುವಿಗೆ ಹಾಕಿದರೂ ಕೇಡೇ.) ಬದುವಿನ ಮೇಲೆ ಒಂದು ಗಸಗಸೆ ಹಣ್ಣಿನ ಮರ, ಒಂದು ನೇರಳೆ ಬೆಳೆಸಿದರೆ ಅಳಿಲಿಗೂ ಹಕ್ಕಿಗೂ ಊಟವಾಗುತ್ತದೆ.

ಬೆಳೆಯ ರಕ್ಷಣೆಯನ್ನು ಮರೆತು ಅಳಿಲನ್ನು ಪ್ರೀತಿಸಿ ಎಂದು ರೈತನಿಗೆ ಹೇಳುವುದು ನ್ಯಾಯವಲ್ಲ. ಒಂಟಿಯಾಗಿ ನಿಂತ ತೆಂಗಿಗೆ ಆರಡಿ ಎತ್ತರದಲ್ಲಿ ಒಂದೂವರೆ ಅಡಿ ಅಗಲದ ತಗಡು ಸುತ್ತಿದರೆ ಇಲಿ, ಅಳಿಲು ಎರಡೂ ಹತ್ತಲಾರವು. ಪಕ್ಕದ ಮರದ ಗರಿ ತಾಗುವಂತಿದ್ದರೆ ಈ ಉಪಾಯ ನಡೆಯದು. ಸೀಬೆ, ದಾಳಿಂಬೆಗೆ ಕಾಯಿ ಬಲಿಯುವ ಮೊದಲೇ ಚೀಲ ಕಟ್ಟಿ, ಹಣ್ಣುನೊಣವೂ ತಪ್ಪುತ್ತದೆ. ಹಣ್ಣಾದದ್ದನ್ನು ಮರದಲ್ಲೇ ಬಿಡಬೇಡಿ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬಂಧುಗಳು ಊಜಿ ನೊಣಕ್ಕೆಂದು ಹುಳು ಮನೆಗೆ ಹಾಕುವ ಬಲೆಯನ್ನು ಸಂದಿಲ್ಲದಂತೆ ಹಾಕಿದರೆ ಅಳಿಲು, ಹಲ್ಲಿಗಳ ಕಾಟವೂ ಇರುವುದಿಲ್ಲ. ಅಳಿಲಿನ ಸಂಖ್ಯೆ ಮಿತಿಮೀರುತ್ತದೆಂಬ ಭಯ ನಮ್ಮಲ್ಲಿ ಬೇಡ. ಐದು ಪಟ್ಟೆಯ ಅಳಿಲನ್ನು 1898ರಲ್ಲಿ ಆಸ್ಟ್ರೇಲಿಯದ ಪರ್ತ್ ಮೃಗಾಲಯಕ್ಕೆ ತಂದು ಬಿಟ್ಟಾಗ ಅದು ಊರಿನೊಳಕ್ಕೂ ಹರಡಿ ಪೀಡೆಯಾಯಿತು. ಇಲ್ಲಿ ಕೇರೆ ಹಾವು, ಬಿಜ್ಜು, ಕಾಗೆ, ಬೆಕ್ಕುಗಳು ಲೆಕ್ಕ ಇಟ್ಟಿವೆ. ಗೆದ್ದಲು, ಹುಳುಗಳನ್ನು ಅಳಿಲೂ ತಿನ್ನುತ್ತದೆಂಬುದನ್ನು ಲೆಕ್ಕಕ್ಕೆ ಸೇರಿಸಿ. ಅದು ಬಾಲ ಕುಣಿಸುತ್ತ ಬಿಡದೆ ‘ಚಿಕ್ ಚಿಕ್’ ಎಂದು ಕೂಗಿದರೆ ಹಿತ್ತಲಿಗೆ ಹಾವೋ ಬೆಕ್ಕೋ ಬಂದಿರಬಹುದು ಎಂದು ನಮ್ಮ ಹೆಂಗಸರಿಗೆ ನಾವು ಕಲಿಸಬೇಕಾಗಿಲ್ಲ.

ಗಾಳಿ ಮಳೆಗೆ ಮರಿ ಕೆಳಗೆ ಬಿದ್ದರೆ ಮುಟ್ಟಿದ ಕೂಡಲೇ ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತನ್ನು ನಂಬಬೇಡಿ. ಗಾಯವಿಲ್ಲದಿದ್ದರೆ ಬಟ್ಟೆ ಹಾಸಿದ ಸಣ್ಣ ಮಂಕರಿಯಲ್ಲಿಟ್ಟು, ಅದೇ ಮರಕ್ಕೆ ಕಟ್ಟಿ, ದೂರ ಸರಿದು ಕಾಯಿರಿ. ಹಗಲಿನಲ್ಲಿ ತಾಯಿ ಬಂದು ಕಚ್ಚಿಕೊಂಡು ಹೋಗುವ ಸಂಭವವೇ ಹೆಚ್ಚು. ಸಂಜೆಯಾದರೂ ಬರದಿದ್ದರೆ ಮೊದಲು ಮೈ ಬೆಚ್ಚಗೆ ಮಾಡಿ. ತಣ್ಣಗಿರುವ ಮರಿಯ ಬಾಯಿಗೆ ಏನನ್ನೂ ಹಾಕಬಾರದು. ಬೆಚ್ಚಗಾದ ಮೇಲೆ ಉಗುರುಬೆಚ್ಚಗಿನ ಓಆರ್‌ಎಸ್ ನೀರನ್ನು ಸೂಜಿ ತೆಗೆದ ಸಿರಿಂಜಿನಿಂದ ಒಂದೊಂದೇ ಹನಿ ಕೊಡಿ. ಮರಿಯನ್ನು ಅಂಗಾತ ಮಲಗಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಹಸುವಿನ ಹಾಲು ಭೇದಿ ತರುತ್ತದೆ. ನಾಯಿಮರಿಗೆ ಮಾರುವ ಹಾಲಿನ ಪುಡಿ ಮೇಲು. ಕಣ್ಣು ಬಿಡದ ಮರಿಗೆ ಪ್ರತಿ ಬಾರಿ ಹಾಲಾದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಿದರೇನೇ ಮಲಮೂತ್ರ ಹೊರಬರುವುದು.

ಬೆಕ್ಕು ಕಚ್ಚಿದ್ದಾದರೆ ಗಾಯ ಸಾಸಿವೆಯಷ್ಟಿದ್ದರೂ ಅಂದೇ ಪಶುವೈದ್ಯರಿಗೆ ತೋರಿಸಿ, ಬೆಕ್ಕಿನ ಜೊಲ್ಲಿನ ಸೋಂಕು ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಬೆಂಗಳೂರಿನ ಕೆಂಗೇರಿ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೂ ಇದೆ. ಪಂಜರದಲ್ಲಿಟ್ಟು ಸಾಕುವ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ, ಅರಣ್ಯ ಇಲಾಖೆಯವರಿಗೆ ತಿಳಿಸಿ. ಎತ್ತುವಾಗ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಳಿಲಿನಿಂದ ಹುಚ್ಚುನಾಯಿ ರೋಗ ಬರುವುದು ಬಹಳ ಅಪರೂಪ, ಆದರೂ ಚುಚ್ಚುಮದ್ದು ಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳಲಿ.